ಡೇರೆಗೆ ಎರಡು ಮೂಗು

ತಾಡಪತ್ರಿ ಕಾಕಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರು ಇರಬೇಕಾದಲ್ಲಿ ಹುಣಸೆ ಬೀಜದಂತೆ ಕಪ್ಪಗೆ ಮಿನುಗುವ ಗಟ್ಟಿ ಚರ್ಮವಿತ್ತು. ದಬ್ಬಣ ಎಷ್ಟು ಸಲ ಆ ಬೆರಳನ್ನು ಹೊಕ್ಕು ಹೊರಟಿತ್ತೋ, ಕೇಳಿದರೆ "ಬೆರಳೇನು ನೆನಪಿಡ್ತದೇನಪಾ" ಎನ್ನುತ್ತಿದ್ದರು. ದಬ್ಬಣವನ್ನು ಒತ್ತಿ ತಳ್ಳಲು ಅಂಗೈಗೆ ಒಂದು ಚರ್ಮದ ಪಟ್ಟಿ ಸುತ್ತಿಕೊಂಡಿರುತ್ತಿದ್ದರು. ಅದನ್ನು ಬಿಚ್ಚುತ್ತಿದ್ದುದು ಊಟಕ್ಕೆ ಮಾತ್ರ. ಚಹಾದ ಬಶಿ ಹಿಡಿಯುವುದೂ ಅದೇ ಕೈಯಲ್ಲಿ, ಎದುರಾದವರ ಬೆನ್ನ ಮೇಲೆ ಒಂದು ಬಾರಿಸಿ ಮಾತಾಡಿಸುವುದೂ ಅದೇ ಕೈಯಲ್ಲಿ. ಭಾಂಡುಪಿನ ನಮ್ಮ ಚಾಳಿನಲ್ಲಿ ಆ ಪೆಟ್ಟು ತಿನ್ನದ ಗಂಡಸರಿರಲಿಲ್ಲ.

ಅವರು ವಿಜಾಪುರದ ಕಡೆಯವರು. ಆಗ್ರಾ ರಸ್ತೆಯ ಬದಿಯಲ್ಲಿ, ಒಂದು ಕಾರ್ಖಾನೆಯ ಗೋಡೆಗೆ ಬೆನ್ನು ಕೊಟ್ಟು ಕುಳಿತು, ಟ್ರಕ್ಕುಗಳ ತಾಡಪತ್ರಿ ಹೊಲಿಯುತ್ತಿದ್ದರು. ಮಳೆಗಾಲಕ್ಕೆ ಮುಂಚೆ ಗುಡಿಸಲುಗಳ ಮೇಲೆ ಹೊದಿಸುವ ಹರಕು ತಾಡಪತ್ರಿಗಳೂ ಅವರ ಮುಂದೆ ಗುಡ್ಡೆ ಬೀಳುತ್ತಿದ್ದವು. ಯಾವ ಬಟ್ಟೆ ಕೈಗೆ ಬಂದರೂ ಮೊದಲು ತುಟಿಗೆ ಒತ್ತಿಕೊಂಡು ಊದುವುದು ಅವರ ಅಭ್ಯಾಸ. ಉಸಿರು ಆಚೆ ದಾಟಿದರೆ "ಜೀವಾ ಅದ" ಎನ್ನುತ್ತಿದ್ದರು. ದಾಟದಿದ್ದರೆ "ಸತ್ತ ಬಟ್ಟಿ". ನಾನು ಹೊಸದಾಗಿ ಕೊಂಡ ಟೆರಿಲಿನ್ ಅಂಗಿಯನ್ನೂ ಬಿಡಲಿಲ್ಲ. ತೋಳು ಹಿಡಿದೆಳೆದು ಊದಿ, "ಅರ್ಧಾ ಸತ್ತದ ನೋಡು. ಬ್ಯಾಸಗ್ಯಾಗ ಇದರ ಜೋಡಿ ನೀನೂ ಅರ್ಧಾ ಸಾಯ್ತಿ" ಎಂದಿದ್ದರು. ಆ ಬೇಸಗೆಯಲ್ಲಿ ಫೋರ್ಟಿನ ಆಫೀಸಿಗೆ ಹೋಗುವ ಲೋಕಲ್‌ನಲ್ಲಿ ಅವರ ಮಾತು ನಿಜವಾಯಿತು.

ಆಗ ನನಗೆ ಇಪ್ಪತ್ತಮೂರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಧಾರವಾಡದಿಂದ ಬಂದು ಅಣ್ಣನ ಖೋಲಿಯಲ್ಲಿದ್ದೆ. ಕೆಳಗಿನ ಖೋಲಿ ಕಾಕಾ ಮತ್ತು ಅವರ ಹೆಂಡತಿ ಕಾಕುವಿನದು. ಅವರಿಗೆ ಮಕ್ಕಳಿರಲಿಲ್ಲ, ನನಗೆ ಅಲ್ಲಿ ಹೊತ್ತುಗೊತ್ತಿಲ್ಲದೆ ರೊಟ್ಟಿ ಸಿಗುತ್ತಿತ್ತು. ಆಫೀಸಿನಲ್ಲಿ ನಾನು ಟೆಂಪರರಿ ಗುಮಾಸ್ತ. ನಮ್ಮ ಹೆಡ್ ಕ್ಲಾರ್ಕ್ ಬೆಳಗಾವಿ ಕಡೆಯವರು. ಘಾಟ್ಕೋಪರಿನಲ್ಲಿ ನಮ್ಮವರು ಕಟ್ಟಿಕೊಂಡಿದ್ದ ಕನ್ನಡ ಕೂಟಕ್ಕೆ ಅವರೇ ಕಾರ್ಯದರ್ಶಿ. ನನ್ನನ್ನು ನೌಕರಿಗೆ ಹಚ್ಚಿದವರು ಅವರು, ಕಾಯಂ ಮಾಡಿಸಬೇಕಾದವರೂ ಅವರೇ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದಕ್ಕೆ ನಾನು ನನಗೇ ಕೊಟ್ಟುಕೊಂಡ ಸಬೂಬು ಇದೊಂದೇ.

ಕೂಟದ ನಾವು ಕೆಲವು ಹುಡುಗರಿಗೆ ಆಗ ಗುಡ್ಡ ಹತ್ತುವ ಹುಚ್ಚು. ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಕರ್ಜತ್ ಲೋಕಲ್ ಹಿಡಿದರೆ ರವಿವಾರ ಸಂಜೆಯೇ ಹಿಂತಿರುಗುವುದು. ಹಳ್ಳಿಯ ಶಾಲೆಯ ಜಗಲಿಯೋ ಗುಡಿಯ ಕಟ್ಟೆಯೋ ಸಿಕ್ಕಲ್ಲಿ ಮಲಗುತ್ತಿದ್ದೆವು. ಡೇರೆಯೊಂದು ಇದ್ದರೆ ಗುಡ್ಡದ ನೆತ್ತಿಯಲ್ಲೇ ಮಲಗಬಹುದಿತ್ತು. ಹಿಮಾಲಯಕ್ಕೆ ಹೋಗುವವರ ಡೇರೆ ನೋಡಿಕೊಂಡು ಬಂದೆವು. ಒಳಗೊಂದು ಪದರ, ಹೊರಗೊಂದು ಪದರ. ಬೆಲೆ ಕೇಳಿ ಸುಮ್ಮನಾದೆವು.

"ಎರಡು ದಿನಾ ಮಲಗೂದಕ್ಕ ಅರಮನಿ ಯಾಕ್ರೋ? ಒಂದ ಪದರದ್ದು ಹೊಲಿಸಿದ್ರ ಆತು" ಎಂದರು ಕಾರ್ಯದರ್ಶಿಗಳು. ಜನವರಿ ಕೊನೆಗೆ ಕೂಟದ ಯುವಕರ ಶಿಬಿರವೊಂದನ್ನು ಗುಡ್ಡದ ಮೇಲೆ ನಡೆಸುವ ಯೋಚನೆ ಅವರಿಗಿತ್ತು. ನನ್ನತ್ತ ತಿರುಗಿ, "ನಿಮ್ಮ ಚಾಳಿನಾಗ ತಾಡಪತ್ರಿ ಹೊಲಿಯಾಂವ ಒಬ್ಬ ಇದ್ದಾನಲ್ಲ, ಒಂದು ಮಾಡಿಸಿ ನೋಡು. ಛೊಲೋ ಬಂದ್ರ ಇಪ್ಪತ್ತೈದು ಅವಗ ಕೊಡೂಣು" ಎಂದರು.

ಈ ಸುದ್ದಿ ಹೇಳಿದ ದಿನ ಕಾಕಾ ನನ್ನ ಬೆನ್ನಿಗೆ ಹೊಡೆಯಲಿಲ್ಲ. ಕೈಯಲ್ಲಿದ್ದ ದಬ್ಬಣ ಕೆಳಗಿಟ್ಟರು. ಮಳೆಗಾಲದಲ್ಲಿ ರಸ್ತೆ ಬದಿ ನೆನೆಯುತ್ತಲೇ ಹೊಲಿಯಬೇಕಿತ್ತು, ಉಳಿದ ಕಾಲದಲ್ಲಿ ಮುನಸಿಪಾಲ್ಟಿಯ ಗಾಡಿ ಬಂದು ಸಾಮಾನು ಎತ್ತಿಹಾಕಿಕೊಂಡು ಹೋಗುತ್ತಿತ್ತು. ಹತ್ತಿರದಲ್ಲೇ ತಗಡಿನ ಶೆಡ್ಡಿನಲ್ಲಿ ಒಂದು ಗಾಳಾ ಖಾಲಿ ಇತ್ತು. ಸಣ್ಣ ಕಾರ್ಖಾನೆಗಳವರು ಬಾಡಿಗೆಗೆ ಹಿಡಿಯುವಂಥ ಆ ಖೋಲಿಯ ಮೇಲೆ ಕಾಕಾನ ಕಣ್ಣು ಬಿದ್ದು ಎರಡು ವರ್ಷವಾಗಿತ್ತು. ಇಪ್ಪತ್ತೈದು ಡೇರೆಯ ಕೆಲಸ ಸಿಕ್ಕರೆ ಅದು ಅವರದಾಗುತ್ತಿತ್ತು. "ಮ್ಯಾಲ ತಗಡು, ಮುಂದ ಬಾಗಿಲಾ, ಬಾಗಿಲಕ್ಕ ಕೀಲಿ. ಮತ್ತೇನು ಬೇಕು ತಮ್ಮಾ" ಎಂದರು. ಕಾಕು ಒಳಗಿನಿಂದಲೇ, "ಹುಡುಗನ ಬಾಯಾಗ ಬೆಲ್ಲಾ ಹಾಕತೀನಿ ತಡೀರಿ" ಎಂದು ನಿಜವಾಗಿಯೂ ಒಂದು ತುಂಡು ಬೆಲ್ಲ ತಂದು ಬಾಯಿಗಿಟ್ಟರು.

ಬಟ್ಟೆ ತಂದುಕೊಟ್ಟವರು ನಾವು. ರೇನ್‌ಕೋಟಿನ ಕಾರ್ಖಾನೆಯೊಂದರಲ್ಲಿ ಸಣ್ಣ ದೋಷವೆಂದು ತೆಗೆದಿಟ್ಟ ಮಾಲು, ಒಳಮೈಗೆ ರಬ್ಬರು ಸವರಿದ್ದು. ಕಾಕಾ ತುಟಿಗಿಟ್ಟು ಕೆನ್ನೆ ಉಬ್ಬುವಂತೆ ಊದಿದರು. "ಇದು ಪೂರಾ ಸತ್ತ ಬಟ್ಟಿ. ಮಳಿ ಒಳಗ ಬರಂಗಿಲ್ಲ, ಖರೆ. ಆದರ ಒಳಗಿಂದೂ ಹೊರಗ ಹೋಗಂಗಿಲ್ಲ" ಎಂದರು. ಆಮೇಲೆ ಎಂಟು ದಿನ ಆ ಕೆಲಸದಲ್ಲೇ ಮುಳುಗಿದರು. ದಾರಕ್ಕೆ ಮೇಣ ತೀಡಿ, ಹೊಲಿಗೆಯ ಮೇಲೆ ಮತ್ತೆ ಮೇಣ ತಿಕ್ಕಿ, ಪ್ರತಿ ಹೊಲಿಗೆಯನ್ನೂ ಬೆರಳಿಂದ ಜಗ್ಗಿ ನೋಡಿದರು.

ಡೇರೆ ತಯಾರಾದಾಗ ನೋಡುತ್ತೇನೆ, ಎರಡೂ ತುದಿಯಲ್ಲಿ, ಮೇಲಿನ ಬೆನ್ನಿಗೆ ಹತ್ತಿಕೊಂಡು, ಗೇಣಗಲದ ಒಂದೊಂದು ಕಂಡಿ. ಮಳೆ ಒಳಗೆ ಬೀಳದ ಹಾಗೆ ಪ್ರತಿಯೊಂದರ ಮೇಲೂ ಒಂದು ಇಳಿಜಾರು ಚುಂಗು.

"ಇದು ಮೂಗು" ಎಂದರು ಕಾಕಾ. "ಸಾಹುಕಾರರ ಟೆಂಟಿಗೆ ಎರಡು ತೊಗಲು ಇರತಾವ. ಒಳಗಿಂದು ಉಸಿರು ಬಿಡತದ, ಹೊರಗಿಂದು ಮಳಿ ತಡೀತದ. ಇದಕ್ಕಿರೂದು ಒಂದ ತೊಗಲು, ಅದೂ ಸತ್ತದ್ದು. ಅದಕ್ಕ ಮೂಗು ಕೊಯ್ದೀನಿ. ಥಂಡಿ ಆಗತದಂತ ಇದನ್ನ ಮುಚ್ಚಬ್ಯಾಡ್ರಿ. ನಾಕು ಮಂದಿ ರಾತ್ರೆಲ್ಲಾ ಬಿಟ್ಟ ಉಸಿರು ಎಲ್ಲಿ ಹೋಗಬೇಕು? ನೀರಾಗಿ ನಿಮ್ಮ ಮ್ಯಾಲೇ ಬೀಳತದ. ಎಲ್ಲಾರಿಗೂ ಹೇಳು. ನೀ ಹೇಳಲಿಲ್ಲಂದ್ರ, ಟೇಲರ್ ಬಟ್ಟಿ ಉಳಿಸ್ಕೊಂಡಾನ ಅಂತಾರ."

"ಹೇಳತೀನಿ ಕಾಕಾ" ಎಂದೆ.

ಡಿಸೆಂಬರಿನಲ್ಲಿ ನಾಲ್ವರು ಹೊರಟೆವು. ನಾನು, ಕೂಟದ ಇಬ್ಬರು, ಮತ್ತು ಕಾಲೇಜು ಓದುತ್ತಿದ್ದ ಕಾರ್ಯದರ್ಶಿಗಳ ಮಗ. ಅವನಿಗೆ ಹೊರಡುವಾಗಲೇ ಕೆಮ್ಮಿತ್ತು. ಗುಡ್ಡದ ಮೇಲೆ ಡೇರೆ ಹೊಡೆದು ಒಳಗೆ ಸೇರುತ್ತಲೇ ಗಾಳಿ ಆ ಕಂಡಿಗಳಿಂದ ಸುಯ್ಯೆಂದು ನುಗ್ಗಿತು.

"ನಿಮ್ಮ ಕಾಕಾ ಛೊಲೋ ಬಟ್ಟಿ ಉಳಿಸ್ಯಾನಲ್ಲೋ. ಎರಡು ಚಡ್ಡಿ ಆಗಿರಬೇಕು ಅವಗ" ಎಂದ ಕಾರ್ಯದರ್ಶಿಗಳ ಮಗ.

"ಅದು ಮೂಗು…" ಎಂದು ಶುರುಮಾಡಿದೆ. ಡೇರೆಗೆ ಮೂಗಂತೆ ಎಂದು ಮೂವರೂ ಬಿದ್ದು ಬಿದ್ದು ನಕ್ಕರು. ಉಳಿದದ್ದನ್ನು ಹೇಳುವ ಬದಲು ನಾನೂ ನಕ್ಕೆ. ಹಾಗಾದರೆ ಅದಕ್ಕೆ ಶೀತವಾಗಿದೆ ಎಂದು ನಾನೇ ಒಂದು ಮಾತು ಸೇರಿಸಿದೆ. ಆಮೇಲೆ ನನ್ನ ಎರಡು ಟವೆಲ್ ಮಡಚಿ, ಅತ್ತಿಗೆ ಚೀಲಕ್ಕೆ ಹಾಕಿಕೊಟ್ಟಿದ್ದ ಸೇಫ್ಟಿ ಪಿನ್ನಿನಿಂದ ಎರಡೂ ಕಂಡಿ ಮುಚ್ಚಿದೆ. ಒಂದೊಂದಕ್ಕೆ ಎರಡೆರಡು ಪಿನ್ನು. ಬೆಚ್ಚಗಾಯಿತು. ಶಭಾಸ್ ಎಂದರು.

ಬೆಳಿಗ್ಗೆ ಎಚ್ಚರವಾದಾಗ ಮುಖದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಡೇರೆಯ ಒಳಮೈಯೆಲ್ಲ ಹನಿ, ಹೊದಿಕೆಗಳು ನೆನೆದು ಭಾರವಾಗಿದ್ದವು. ಹೊರಗೆ ಆಕಾಶ ತೊಳೆದಿಟ್ಟಂತಿತ್ತು, ಮಳೆ ಬಂದಿರಲಿಲ್ಲ. ಇಬ್ಬನಿಗೇ ಸೋರುವ ಡೇರೆ ಮಳೆಗೆ ಏನು ತಡೆದೀತು ಎಂದು ಗೆಳೆಯರು ಬೈದರು. ನಾನು ಪಿನ್ನು ಕಿತ್ತು, ಟವೆಲ್ ಹಿಂಡಿ ಚೀಲಕ್ಕೆ ತುರುಕಿದೆ. ಕಂಡಿ ಮುಚ್ಚಿದ್ದನ್ನು ಎಲ್ಲರೂ ಕಂಡಿದ್ದರು. ಅದಕ್ಕೂ ಈ ನೀರಿಗೂ ಸಂಬಂಧವಿದೆಯೆಂದು ಗೊತ್ತಿದ್ದವನು ನಾನೊಬ್ಬನೇ. ಕಾರ್ಯದರ್ಶಿಗಳ ಮಗ ಜ್ವರ ಹೊತ್ತುಕೊಂಡೇ ರೈಲು ಹತ್ತಿದ. ಶೀತ ಎದೆಗೆ ಇಳಿದಿದೆಯೆಂದು ಅವನನ್ನು ಹತ್ತು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು.

ಮುಂದಿನ ರವಿವಾರ ಕೂಟ ಸೇರುವ ಶಾಲೆಯ ಕೋಣೆಗೆ ಕಾಕಾನನ್ನು ಕರೆಸಿದರು. ಯಾಕೆಂದು ಯಾರೂ ಹೇಳಿರಲಿಲ್ಲ. ನಾನು ಹೇಳಬಹುದಿತ್ತು, ಹೇಳಲಿಲ್ಲ. ಇಪ್ಪತ್ತೈದು ಡೇರೆಯ ಮಾತಿಗೆ ಎಂದುಕೊಂಡು ಅವರು ಒಗೆದ ಧೋತರ ಉಟ್ಟು, ಮದುವೆ ಮುಂಜಿಗೆ ಹಾಕುವ ಕರಿ ಕೋಟು ಹಾಕಿಕೊಂಡು ಬಂದರು. ಅಂಗೈಯ ಪಟ್ಟಿ ಬಿಚ್ಚಿಟ್ಟಿದ್ದರು. ಪಟ್ಟಿಯಿಲ್ಲದ ಆ ಅಂಗೈ ಮಗುವಿನ ಕೈಯಷ್ಟು ಬಿಳಿಚಿಕೊಂಡಿತ್ತು.

ಕಾರ್ಯದರ್ಶಿಗಳು ಡೇರೆಯನ್ನು ಮೇಜಿನ ಮೇಲಿಂದ ಅವರ ಕಾಲ ಬಳಿ ಒಗೆದರು. "ಏನು ಹೊಲದೀಯೋ ನೀನು? ನನ್ನ ಮಗಾ ದವಾಖಾನ್ಯಾಗ ಮಲಗ್ಯಾನ. ಮಳಿ ಇಲ್ಲದ ಸೋರತದ ನಿನ್ನ ಟೆಂಟು."

ಕಾಕಾ ಕೆಳಗೆ ಕುಳಿತು ಡೇರೆ ಬಿಡಿಸಿದರು. ಹೊಲಿಗೆಗಳ ಮೇಲೆ ಬೆರಳಾಡಿಸುತ್ತ ಹೋದ ಉಗುರಿಲ್ಲದ ಹೆಬ್ಬೆರಳು ಕಂಡಿಯ ಅಂಚಿಗೆ ಬಂದು ನಿಂತಿತು. ಪಿನ್ನು ಚುಚ್ಚಿದ ತೂತು ಅಲ್ಲಿದ್ದವು. "ಮೂಗು ಮುಚ್ಚಿದ್ರೇನ್ರಿ?" ಎಂದು ಕೇಳಿದರು.

"ಮುಚ್ಚಿದ್ರ? ಮುಚ್ಚಿದ್ರ ನೀರು ಕಡಿಮಿ ಬರಬೇಕೋ ಹೆಚ್ಚು ಬರಬೇಕೋ?" ಎಂದ ಒಬ್ಬ. ಕೋಣೆಯೆಲ್ಲ ನಕ್ಕಿತು.

"ನೀರು ಹೊರಗಿಂದ ಬಂದಿಲ್ಲರೀ, ಅದು ನಿಮ್ಮ ಉಸಿರು" ಎಂದರು ಕಾಕಾ. ಮತ್ತೆ ನಗು. ಆಗ ನನ್ನ ಕಡೆ ಕೈ ಮಾಡಿದರು. "ಈ ಹುಡುಗಗ ಎಲ್ಲಾ ತಿಳಿಸಿ ಹೇಳಿ ಕಳಿಸೀನಿ. ಕೇಳ್ರಿ ಬೇಕಾದ್ರ."

ಕಾರ್ಯದರ್ಶಿಗಳು ನನ್ನನ್ನು ನೋಡಿದರು. "ಹೇಳಿದ್ನೇನೋ?"

ಹೌದು ಎಂಬ ಒಂದೇ ಮಾತು ಸಾಕಿತ್ತು. ಆ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಹಾಗಾದರೆ ಮುಚ್ಚಿದವರು ಯಾರು? ಅವರ ಮಗನನ್ನು ಆಸ್ಪತ್ರೆಗೆ ಹಾಕಿದವರು ಯಾರು? ನನ್ನ ಕಾಯಂ ಕಾಗದ ಅವರ ಟೇಬಲ್ಲಿನ ಡ್ರಾಯರಿನಲ್ಲಿತ್ತು.

"ಸರಿಯಾಗಿ ನೆನಪಿಲ್ಲರೀ ಸರ್" ಎಂದೆ.

ಕಾಕಾ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರಾಗುತ್ತಿತ್ತು. ಡೇರೆಯನ್ನು ಹೊಸ ಬಟ್ಟೆ ಮಡಚುವಷ್ಟು ನಿಧಾನವಾಗಿ ಮಡಚಿದರು. "ಬರೂ ರವಿವಾರ ಮುಂಜಾನೆ ನಮ್ಮ ಚಾಳಿಗೆ ಬರ್ರಿ. ಎಲ್ಲಾರ ಮುಂದ ಇದರ ಮ್ಯಾಲ ನೀರು ಹಾಕಸ್ತೀನಿ, ಒಳಗ ನಾನ ಕೂಡತೀನಿ. ಒಂದು ಹನಿ ಬಿದ್ರ ಹೊಲಿಯೂದು ಬಿಡತೀನಿ" ಎಂದು ಹೇಳಿ ಹೊರಟುಹೋದರು. ಒಂದೇ ಲೋಕಲ್‌ನಲ್ಲಿ ಮರಳುವುದು ಬೇಡವೆಂದು ನಾನು ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಎರಡು ಗಾಡಿ ಬಿಟ್ಟು ಮೂರನೆಯದನ್ನು ಹತ್ತಿದೆ.

ರವಿವಾರ ನಳದ ನೀರು ಬರುವ ಹೊತ್ತಿಗೆ ಕಾಕಾ ಚಾಳಿನ ಅಂಗಳದಲ್ಲಿ ಡೇರೆ ಹೊಡೆದರು. ಒಂಬತ್ತರವರೆಗೆ ರಸ್ತೆಯ ಕಡೆ ನೋಡುತ್ತ ನಿಂತರು. ಯಾರೂ ಬರಲಿಲ್ಲ. ನೀರು ನಿಲ್ಲುವ ಹೊತ್ತಾಗುತ್ತಿದೆಯೆಂದು ಕಾಕು ಎಚ್ಚರಿಸಿದ ಮೇಲೆ ಒಳಗೆ ಹೋಗಿ ಕುಳಿತರು. ಚಾಳಿನ ಹೆಂಗಸರು ಕೊಡದ ಮೇಲೆ ಕೊಡ ಸುರಿದರು. ನೀರು ಬಟ್ಟೆಯ ಮೇಲಿಂದ ಜಾರಿ ಅಂಗಳದ ತುಂಬ ಹರಿಯಿತು. ಒಳಗೆ ಕುಳಿತ ಕಾಕಾ ಬೀಡಿ ಹಚ್ಚಿದ್ದರು. ಸುರಿಯುವ ನೀರಿನ ನಡುವೆ ಆ ಎರಡು ಕಂಡಿಗಳಿಂದ ಹೊಗೆ ಸಣ್ಣಗೆ ಹೊರಗೆ ಬರುತ್ತಿತ್ತು. ಅರ್ಧ ಗಂಟೆಯ ಮೇಲೆ ಹೊರಬಂದು, ಅಂಗಿಯ ಮುಂಭಾಗವನ್ನು ಜಗ್ಗಿ ಹಿಡಿದು, ನೋಡಿ, ನೆನೆದಿಲ್ಲ ಎಂದು ಹೆಂಗಸರಿಗೆ ತೋರಿಸಿದರು. ಅವರು ನಕ್ಕು ಕೊಡ ಎತ್ತಿಕೊಂಡು ಹೋದರು. ಕಾಕಾ ಇನ್ನೊಮ್ಮೆ ರಸ್ತೆಯ ಕಡೆ ನೋಡಿದರು.

ನಾನು ಮೇಲಿನ ಗ್ಯಾಲರಿಯಲ್ಲಿ, ಒಣಹಾಕಿದ್ದ ಸೀರೆಯ ಹಿಂದೆ ನಿಂತು ಇದೆಲ್ಲವನ್ನೂ ನೋಡಿದೆ. ಕೆಳಗಿಳಿಯಲಿಲ್ಲ. ಸೋಮವಾರ ಆಫೀಸಿನಲ್ಲಿ ಕಾರ್ಯದರ್ಶಿಗಳು, "ಏನಾತೋ ನಿಮ್ಮ ಕಾಕಾನ ತಮಾಷಾ?" ಎಂದು ಕೇಳಿದರು. ನಾನು ಮನೆಯಲ್ಲಿರಲಿಲ್ಲ ಎಂದೆ.

ಇಪ್ಪತ್ತೈದು ಡೇರೆಯ ಕೆಲಸ ಜೋಗೇಶ್ವರಿಯ ಕಡೆ ಬೋರ್ಡು ಹಾಕಿಕೊಂಡ ಒಬ್ಬ ಕಾರ್ಖಾನೆದಾರನಿಗೆ ಹೋಯಿತು. ಅವೂ ಒಂದೇ ಪದರದವು, ರಬ್ಬರು ಸವರಿದವು, ಆದರೆ ಕಂಡಿಯಿಲ್ಲದೆ ನೋಡಲು ಅಚ್ಚುಕಟ್ಟಾಗಿದ್ದವು. ಶಿಬಿರದ ಮೊದಲ ಬೆಳಿಗ್ಗೆಯೇ ಇಪ್ಪತ್ತೈದರಲ್ಲೂ ನೀರು ತೊಟ್ಟಿಕ್ಕಿತು. ನೂರು ಜನ ಹೊದಿಕೆ ಹಿಂಡಿದರು. ಕಾರ್ಯದರ್ಶಿಗಳು ತಲೆ ಒರೆಸಿಕೊಳ್ಳುತ್ತ, "ಸೋವಿ ಟೆಂಟು ಅಂದ್ರ ಹಿಂಗs. ಒಂದ ಪದರದ್ದು ಬ್ಯಾರೆ, ಮತ್ತೇನು ಆಗತದ" ಎಂದು ನಕ್ಕರು. ಎಲ್ಲರೂ ನಕ್ಕು ಬಿಸಿಲಿಗೆ ಬಟ್ಟೆ ಹರವಿದರು. ರಸ್ತೆ ಬದಿಯವನು ಹೊಲಿದರೆ ಅವನ ಕೈಯ ದೋಷ, ಬೋರ್ಡು ಇದ್ದವನು ಹೊಲಿದರೆ ಅದು ಡೇರೆಯ ಸ್ವಭಾವ. ನನಗೆ ಆ ನಗು ಕೇಳಿ ಮೈಯುರಿಯಿತು. ಮೈಯುರಿದರೂ ಬಾಯಿ ಬಿಡಲಿಲ್ಲ.

ಗಾಳಾ ಬೇರೆಯವರ ಪಾಲಾಯಿತು. ಕಾಕಾ ಅದೇ ಗೋಡೆಗೆ ಬೆನ್ನು ಕೊಟ್ಟು ಕುಳಿತರು. ನಾನು ಎದುರಾದರೆ ಮೊದಲಿನಂತೆಯೇ "ಉಂಡ್ಯಾ?" ಎಂದು ಕೇಳುತ್ತಿದ್ದರು, ಬೆನ್ನಿಗೆ ಮಾತ್ರ ಹೊಡೆಯುತ್ತಿರಲಿಲ್ಲ. ಮಾರ್ಚಿನಲ್ಲಿ ನನಗೆ ಕಾಯಂ ಆದ ಕಾಗದ ಬಂತು. ಕಾಗದ ಕಿಸೆಯಲ್ಲಿ ಬಿದ್ದ ಮೇಲೆ ನನಗೆ ಧೈರ್ಯ ಬಂತು. ಅಂಥ ಧೈರ್ಯಕ್ಕೆ ಏನೆನ್ನಬೇಕೋ ನೀವೇ ಹೇಳಿ. ಸಂಜೆ ಕಾಕಾನ ಖೋಲಿಗೆ ಹೋಗಿ, ಹೊಸ್ತಿಲಲ್ಲೇ ಕುಳಿತು, ಎಲ್ಲ ಒಪ್ಪಿಕೊಂಡೆ. ಮುಚ್ಚಿದವನು ನಾನೇ, ನೀವು ಹೇಳಿದ್ದು ಅಕ್ಷರ ಅಕ್ಷರ ನೆನಪಿತ್ತು, ಹೆದರಿದೆ, ತಪ್ಪಾಯಿತು.

ಕಾಕಾ ದಾರಕ್ಕೆ ಮೇಣ ತೀಡುವುದನ್ನು ನಿಲ್ಲಿಸಲಿಲ್ಲ. "ನನಗ ಹೇಳಿ ಏನು ಮಾಡ್ಲಿ ತಮ್ಮಾ?" ಎಂದರು. "ನನಗ ಮೊದಲ ಗೊತ್ತದ. ಗೊತ್ತಿಲ್ಲದವರಿಗೆ ಹೇಳು."

ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಎದ್ದು ಬರುವಾಗ ಕಾಕು ಮೆಟ್ಟಿಲವರೆಗೂ ಬಂದರು. ಧ್ವನಿ ತಗ್ಗಿಸಿ, ನಾನೆಂದೂ ಕೇಳಿರದ ಮಾತು ಹೇಳಿದರು. ಊರಿಂದ ಬಂದ ಹೊಸತರಲ್ಲಿ ಅವರು ಭಾಂಡುಪಿನ ಗುಡ್ಡದ ಮೇಲೆ ಒಂದೇ ತಾಡಪತ್ರಿಯ ಕೆಳಗೆ ಮೂರು ಮಳೆಗಾಲ ಕಳೆದಿದ್ದರಂತೆ. ಒಂದು ಗಂಡುಮಗುವಿತ್ತಂತೆ. "ಕೂಸಿಗೆ ಕೆಮ್ಮು. ಬೆಚ್ಚಗಿರ್ಲಿ ಅಂತ ಇವರು ಎಲ್ಲಾ ಸಂದು ಮುಚ್ಚಿ ಹೊಲದಬಿಟ್ರು. ಒಳಗ ನೀರೇ ನೀರು. ಕೂಸಿನ ಹಾಸಿಗಿ ಒಂದಿನಾನೂ ಒಣಗಲಿಲ್ಲ. ಮಳಿ ಸೋರತದಂತ ಇವರು ಮತ್ತಷ್ಟು ಹೊಲದ್ರು." ಕಾಕು ಸೆರಗಿನಿಂದ ಬಾಯಿ ಒತ್ತಿಕೊಂಡರು. "ಕೂಸು ಹೋದ ಮ್ಯಾಲ ತಿಳೀತು ಅವರಿಗೆ, ಅದು ಮಳಿ ನೀರಲ್ಲ ಅಂತ. ಅದಕ್ಕs ಮೂಗು, ಮೂಗು ಅಂತ ಬಡಕೋತಾರ."

ಗುಡ್ಡದ ಮೇಲೆ ನಾವು ನಕ್ಕಿದ್ದು ಯಾವುದಕ್ಕೆಂದು ಆಗ ತಿಳಿಯಿತು. ನಾವು ಮಜಕ್ಕೆಂದು ಎರಡು ದಿನ ಮಲಗಲು ಹೋದಂಥ ಡೇರೆಯಲ್ಲೇ ಒಮ್ಮೆ ಅವರ ಮನೆ ಮುಳುಗಿಹೋಗಿತ್ತು. ಇಷ್ಟು ತಿಳಿದ ಮೇಲಾದರೂ ಕೂಟದಲ್ಲಿ ಎದ್ದು ನಿಂತು ಹೇಳುತ್ತೇನೆ ಎಂದುಕೊಂಡೆ. ಮುಂದಿನ ರವಿವಾರ, ಅದರ ಮುಂದಿನ ರವಿವಾರ ಎನ್ನುತ್ತ ನಾಲ್ಕು ವರ್ಷ ಕಳೆಯಿತು.

ಕಾಕಾ ಒಂದು ಆಗಸ್ಟಿನಲ್ಲಿ ತೀರಿಕೊಂಡರು. ರಸ್ತೆ ಬದಿಯಲ್ಲಿ ನೆನೆದು ನೆನೆದು ಎದೆ ಕೆಟ್ಟಿತ್ತು. ಕೀಲಿ ಹಾಕುವ ಬಾಗಿಲಿನ ಹಿಂದೆ ಕುಳಿತಿದ್ದರೆ ಇನ್ನಷ್ಟು ವರ್ಷ ಇರುತ್ತಿದ್ದರೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಹೇಳಿಕೊಂಡೇ ಇಷ್ಟು ಕಾಲ ನಿದ್ದೆ ಮಾಡಿದ್ದೇನೆ. ಜಡಿಮಳೆಯಲ್ಲಿ ಅವರನ್ನು ಎತ್ತಿಕೊಂಡು ಹೋದೆವು. ನೆನೆಯದಿರಲೆಂದು ಅವರೇ ಹೊಲಿದ ತಾಡಪತ್ರಿಯೊಂದನ್ನು ನಾಲ್ವರು ಮೇಲೆ ಹಿಡಿದಿದ್ದೆವು. ಒಂದು ಮೂಲೆ ನನ್ನ ಕೈಯಲ್ಲಿತ್ತು.

ಕಾರ್ಯದರ್ಶಿಗಳು ಬಂದಿದ್ದರು. ಮನುಷ್ಯ ಕೆಟ್ಟವರಲ್ಲ, ನಮ್ಮ ಕಡೆಯವರು ಯಾರು ತೀರಿಕೊಂಡರೂ ಬರುತ್ತಿದ್ದರು. ಛತ್ರಿ ಹಿಡಿದು ನನ್ನ ಪಕ್ಕದಲ್ಲೇ ನಡೆಯುತ್ತ, "ಛೊಲೋ ಕೆಲಸಗಾರ ಇದ್ದ ಪಾಪ. ನಮ್ಮ ಟೆಂಟಿನಾಗ ಒಂದs ಕೈ ಕೊಟ್ಟ" ಎಂದರು.

ಆಗ ನನಗೆ ಅವರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ನೌಕರಿ ಕಾಯಂ ಆಗಿತ್ತು, ಬೇರೆ ಸೆಕ್ಷನ್ನಿಗೂ ಹೋಗಿದ್ದೆ. ಹೆದರಲು ಒಂದು ಕಾರಣವೂ ಉಳಿದಿರಲಿಲ್ಲ. ಆದರೂ ನಾನು ತಾಡಪತ್ರಿಯ ಮೂಲೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಸುಮ್ಮನೆ ನಡೆದೆ.

ಕಾಕು ಊರಿಗೆ ಹೊರಟಾಗ ಆ ಡೇರೆಯನ್ನು ನನ್ನ ಕೈಗಿಟ್ಟರು. ನನಗೆ ಕೊಡಬೇಕೆಂದು ಕಾಕಾ ಹೇಳಿದ್ದರಂತೆ. ಬೇರೇನಾದರೂ ಹೇಳಿದರೇ ಎಂದು ಕೇಳಿದೆ. ಇಲ್ಲ ಎಂದರು. ಮನೆಗೆ ತಂದು ಬಿಡಿಸಿ ನೋಡಿದೆ. ಹರಿದಿದ್ದ ಗೂಟದ ಕುಣಿಕೆಗೆ ಹೊಸ ಹೊಲಿಗೆ ಬಿದ್ದಿತ್ತು, ಸವೆದ ಮೂಲೆಗೆ ತೇಪೆ ಬಿದ್ದಿತ್ತು. ಪಿನ್ನಿನ ತೂತು ಮಾತ್ರ ಹಾಗೇ ಇದ್ದವು, ನಾಲ್ಕು ಪಿನ್ನಿಗೆ ಎಂಟು. ದಾರಿಯಲ್ಲಿ ಹೋಗುವವರ ಛತ್ರಿಯಲ್ಲಿ ತೂತು ಕಂಡರೂ ಕರೆದು ಕೂಡಿಸಿ ಮುಚ್ಚಿ ಕಳಿಸುತ್ತಿದ್ದ ಮನುಷ್ಯ ಆ ಎಂಟನ್ನು ಬಿಟ್ಟಿದ್ದರು.

ಕಾರ್ಯದರ್ಶಿಗಳೂ ಈಗಿಲ್ಲ. ಅವರ ಮಗ ಇದ್ದಾನೆ, ಈ ಬರಹ ಓದಿದರೆ ಓದಬಹುದು. ಅವತ್ತು ಆ ಶಾಲೆಯ ಕೋಣೆಯಲ್ಲಿದ್ದವರು ಇನ್ನೂ ಕೆಲವರು ಇದ್ದಾರೆ. ಗೊತ್ತಿಲ್ಲದವರಿಗೆ ಹೇಳು ಎಂದಿದ್ದರು, ಹೇಳುತ್ತಿದ್ದೇನೆ. ಹೌದು ಸರ್, ಕಾಕಾ ನನಗೆ ಹೇಳಿದ್ದರು. ಸರಿಯಾಗಿ ನೆನಪಿದೆ.